ಮುಖವಿಲ್ಲದ ಬೆಳ್ಳಿ ನಾಣ್ಯ: ಮಾರ್ಕ್ ಆಂಟನಿಯ ಸೈನಿಕರ ದೆನಾರಿಯಸ್ ಓದುವುದು ಹೇಗೆ?

ರೋಮನ್ ನಾಣ್ಯ ಅಂದ ತಕ್ಷಣ ಕಣ್ಣಮುಂದೆ ಬರುವುದು ಒಂದು ತಲೆ. ಎಲೆಗಳ ಕಿರೀಟ, ಪಕ್ಕಕ್ಕೆ ತಿರುಗಿದ ಚೂಪು ಮೂಗು, ಸುತ್ತಲೂ ಅಕ್ಷರ. ನಾನು ಇಲ್ಲಿ ಹೇಳಹೊರಟಿರುವ ನಾಣ್ಯದಲ್ಲಿ ಯಾರ ತಲೆಯೂ ಇಲ್ಲ. ಒಂದು ಬದಿಯಲ್ಲಿ ಹುಟ್ಟು ಹಾಕುವ ಯುದ್ಧದ ಹಡಗು. ಇನ್ನೊಂದು ಬದಿಯಲ್ಲಿ ಕೋಲಿನ ತುದಿಯಲ್ಲಿ ಕೂತ ಹದ್ದು, ಅದರ ಎರಡು ಪಕ್ಕ ಎರಡು ಲಾಂಛನಕೋಲು, ಕೆಳಗೆ ಒಂದು ಸಂಖ್ಯೆ. ಆ ಸಂಖ್ಯೆ ಒಂದು ಸೇನಾದಳದ್ದು, ಅಂದರೆ ಲೀಜನ್‌ನದ್ದು.

ರೋಮನ್ ದಂಡನಾಯಕ ಮಾರ್ಕ್ ಆಂಟನಿ ಇದನ್ನು ಕ್ರಿ.ಪೂ. 32-31ರಲ್ಲಿ ಹೊಡೆಸಿದ. ಆಗ ಅವನೂ ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳೂ ಗ್ರೀಸ್‌ನಲ್ಲಿ ಬೀಡುಬಿಟ್ಟಿದ್ದರು. ರೋಮ್‌ನ ಅಧಿಕಾರಕ್ಕೆ ಅವನ ಎದುರಾಳಿ ಆಕ್ಟೇವಿಯನ್. ಚಳಿಗಾಲದಲ್ಲಿ ಅವರ ಬಿಡಾರ ಪತ್ರಾಸ್ ಊರಿನಲ್ಲಿತ್ತು. ಈ ನಾಣ್ಯಗಳಲ್ಲಿ ಹೆಚ್ಚಿನವು ಅಲ್ಲೇ, ಸೈನ್ಯದ ಜೊತೆ ಸಾಗುತ್ತಿದ್ದ ಟಂಕಸಾಲೆಯಲ್ಲಿ ತಯಾರಾದವು ಅಂತ ವಿದ್ವಾಂಸರು ಹೇಳುತ್ತಾರೆ.

ಸಂಬಳದ ಲೆಕ್ಕ ಹಾಕಿದರೆ ಯಾಕೆ ಇಷ್ಟೊಂದು ಹೊಡೆಸಿದ ಅನ್ನುವುದು ಗೊತ್ತಾಗುತ್ತದೆ. ಜೂಲಿಯಸ್ ಸೀಸರ್ ಕಾಲದಿಂದ ಒಬ್ಬ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ದೆನಾರಿಯಸ್, ಅಂದರೆ ಇಂಥ 225 ಬೆಳ್ಳಿ ನಾಣ್ಯ. ಒಂದು ಲೀಜನ್‌ನಲ್ಲಿ 5,000 ಜನ ಅಂತ ಹಿಡಿದರೂ ವರ್ಷಕ್ಕೆ 11,25,000 ನಾಣ್ಯ ಬೇಕು. ಇಂಥ ಇಪ್ಪತ್ತಕ್ಕೂ ಜಾಸ್ತಿ ಲೀಜನ್‌ಗಳ ಸಂಖ್ಯೆ ಈ ನಾಣ್ಯಗಳ ಮೇಲಿದೆ. ಹಾಗಾಗಿಯೇ ಇವತ್ತಿಗೂ ರೋಮನ್ ಬೆಳ್ಳಿ ನಾಣ್ಯ ಸಂಗ್ರಹಿಸುವವರ ಕೈಗೆ ಇದು ಸುಲಭವಾಗಿ ಸಿಗುತ್ತದೆ.

ಓದುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಈ ನಾಣ್ಯದ ಚಿತ್ರ ಸೈನಿಕನನ್ನು ಉದ್ದೇಶಿಸಿ ಮಾಡಿದ್ದು. ಆಂಟನಿ ಬೇರೆ ನಾಣ್ಯಗಳಲ್ಲಿ ತನ್ನ ಮುಖ ಹಾಕಿಸಿದ್ದಾನೆ, ಒಂದು ದೆನಾರಿಯಸ್‌ನಲ್ಲಿ ಕ್ಲಿಯೋಪಾತ್ರಳ ಮುಖವೂ ಇದೆ. ಆದರೆ ಸಂಬಳಕ್ಕೆ ಹೊಡೆಸಿದ ಈ ನಾಣ್ಯದಲ್ಲಿ ಇಬ್ಬರ ಮುಖವೂ ಇಲ್ಲ. ಈಜಿಪ್ಟಿನ ರಾಣಿಯ ಮಾತೇ ಎತ್ತದೆ, "ಇದು ನಿನ್ನ ದಳ, ಇದು ನಿನ್ನ ಹದ್ದು" ಅಂತ ಸೈನಿಕನಿಗೆ ಹೇಳಿದ್ದಾನೆ. ಅದು ಬೇಕೆಂದೇ ಮಾಡಿದ್ದು ಅನ್ನುವುದು ನನ್ನ ನಂಬಿಕೆ. ಆದ್ದರಿಂದ ನಾವೂ ಇದನ್ನು ಆ ಸೈನಿಕನ ಅಂಗೈಯಲ್ಲಿಟ್ಟೇ ಓದಬೇಕು.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದ್ದು. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಒಂದು ಸ್ಕೇಲು ಅಥವಾ ವರ್ನಿಯರ್ ಕ್ಯಾಲಿಪರ್. ಬೆಳಕಿಗೆ ಮೊಬೈಲ್ ಟಾರ್ಚ್. ಒಂದು ಮೆತ್ತನೆ ಬಟ್ಟೆ. ಕೈಯಲ್ಲಿ ನಾಣ್ಯ ಇಲ್ಲದಿದ್ದರೂ ಕಲಿಯಬಹುದು. ಬ್ರಿಟಿಷ್ ಮ್ಯೂಸಿಯಂ ಮತ್ತು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ತಮ್ಮ ಸಂಗ್ರಹದ ಚಿತ್ರಗಳನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿವೆ. ಹುಡುಕುವಾಗ 'ಕ್ರಾಫರ್ಡ್ 544' ಅಂತ ಕೊಡಿ. ಮೈಕೆಲ್ ಕ್ರಾಫರ್ಡ್ 1974ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಈ ನಾಣ್ಯಗಳ ಸಂಖ್ಯೆ ಅದು. ಇಡೀ ಜಗತ್ತು ಅದನ್ನೇ ಬಳಸುತ್ತದೆ.

ಹೆಜ್ಜೆ 1: ತೊಳೆಯಬೇಡಿ, ತೂಗಿ

ಬೆಳ್ಳಿ ಕಪ್ಪಾಗಿದ್ದರೆ ನಮ್ಮ ಮನೆಗಳಲ್ಲಿ ಕೈ ತಾನಾಗಿ ಹುಣಸೆಹಣ್ಣಿಗೋ ವಿಭೂತಿಗೋ ಹೋಗುತ್ತದೆ. ದೀಪಕ್ಕೆ ಅದು ಸರಿ. ನಾಣ್ಯಕ್ಕೆ ಬೇಡ. ತಗ್ಗಿನಲ್ಲಿ ಕೂತಿರುವ ಕಪ್ಪೇ ಸವೆದ ಅಕ್ಷರವನ್ನು ಎತ್ತಿ ತೋರಿಸುವುದು. ಅದನ್ನು ಉಜ್ಜಿ ತೆಗೆದರೆ ಓದಲು ಏನೂ ಉಳಿಯುವುದಿಲ್ಲ. ಟೂತ್‌ಪೇಸ್ಟ್, ಪಾತ್ರೆ ಪುಡಿ ಇನ್ನೂ ಕೆಟ್ಟವು, ಮೇಲ್ಮೈಯಲ್ಲಿ ಗೀರು ಬಿಡುತ್ತವೆ.

ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಕೆಳಗೆ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ. ತೂಗಿ. ಆ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ದೆನಾರಿಯಸ್ ಹೊಡೆಯುವುದು ಕ್ರಮ. ಆ ಲೆಕ್ಕದಲ್ಲಿ ಹೊಸ ನಾಣ್ಯ ಹತ್ತಿರಹತ್ತಿರ 3.9 ಗ್ರಾಂ. ಆಂಟನಿಯ ಈ ನಾಣ್ಯಗಳು ಸವೆದ ಮೇಲೆ ಸಾಮಾನ್ಯವಾಗಿ 3ರಿಂದ 3.8 ಗ್ರಾಂ ನಡುವೆ ತೂಗುತ್ತವೆ. ಅಡ್ಡಳತೆ 17-18 ಮಿಲಿಮೀಟರ್ ಆಸುಪಾಸು. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಆದರೆ ಬೆರಳಿಗೆ ದಪ್ಪ ಅನ್ನಿಸುತ್ತದೆ. ಗುಂಡಗೆ ಇರಬೇಕು ಅಂತ ನಿರೀಕ್ಷಿಸಬೇಡಿ. ಸುತ್ತಿಗೆಯಲ್ಲಿ ಹೊಡೆದು ಮಾಡಿದ ನಾಣ್ಯ ಇದು. ಅಂಚು ಸೀಳಿರಬಹುದು, ಚಿತ್ರ ಒಂದು ಪಕ್ಕಕ್ಕೆ ಜಾರಿರಬಹುದು. ಅದು ದೋಷವಲ್ಲ.

ಹೆಜ್ಜೆ 2: ಹಡಗಿನ ಬದಿ

ನಾಣ್ಯವನ್ನು ಬಿಳಿ ಹಾಳೆಯ ಮೇಲಿಡಿ. ಟಾರ್ಚನ್ನು ನೇರ ಮೇಲಿಂದ ಹಿಡಿಯಬೇಡಿ. ಎಡಗಡೆ ಮೇಲಿನಿಂದ, ಬೆಳಕು ನಾಣ್ಯದ ಮೇಲೆ ಓರೆಯಾಗಿ ಜಾರುವ ಹಾಗೆ ಹಿಡಿಯಿರಿ. ಈಗ ನಿಧಾನಕ್ಕೆ ನಾಣ್ಯವನ್ನು ತಿರುಗಿಸಿ. ಒಂದು ಕೋನದಲ್ಲಿ ಹುಟ್ಟುಗಳ ಸಾಲು ಫಕ್ಕನೆ ಎದ್ದು ಕಾಣುತ್ತದೆ. ನನಗೆ ಪ್ರತಿ ಸಲವೂ ಆ ಕ್ಷಣ ಇಷ್ಟ.

ಹಡಗು ಬಲಕ್ಕೆ ಹೋಗುತ್ತಿದೆ. ಕೆಳಗೆ ಓರೆ ಗೀಟುಗಳಂತೆ ಕಾಣುವವು ಹುಟ್ಟುಗಳು. ಬಲತುದಿಯಲ್ಲಿ ಮೂತಿ, ಎದುರಿನ ಹಡಗಿಗೆ ಗುದ್ದುವುದಕ್ಕೆ ಇದ್ದದ್ದು. ಮೂತಿಯ ಹತ್ತಿರ ಓರೆಯಾಗಿ ನಿಂತ ಕಂಬ, ಅದರಲ್ಲಿ ಹಾರುವ ಪಟ್ಟಿಗಳು. ಎಡತುದಿಯಲ್ಲಿ ಹಿಂಭಾಗ ಮೇಲಕ್ಕೆ ಬಾಗಿದೆ.

ಅಕ್ಷರ ಎರಡು ಕಡೆ ಇದೆ. ಹಡಗಿನ ಮೇಲೆ 'ಎ ಎನ್ ಟಿ', ಅಂದರೆ ಆಂಟನಿಯ ಹೆಸರು, ಪಕ್ಕದಲ್ಲಿ 'ಎ ವಿ ಜಿ'. ರೋಮನ್ನರು 'ಯು' ಅಕ್ಷರವನ್ನು 'ವಿ' ಹಾಗೆಯೇ ಬರೆಯುತ್ತಿದ್ದರು. ಹಾಗಾಗಿ 'ಎ ವಿ ಜಿ' ಅಂದರೆ 'ಔಗ್'. ಹೊಸಬರು ತಪ್ಪುವುದು ಇಲ್ಲೇ. ಅದನ್ನು 'ಆಗಸ್ಟಸ್' ಅಂತ ಓದಿಬಿಡುತ್ತಾರೆ. ಆಗಸ್ಟಸ್ ಅನ್ನುವ ಬಿರುದು ಹುಟ್ಟಿದ್ದು ಕ್ರಿ.ಪೂ. 27ರಲ್ಲಿ, ಅದೂ ಆಂಟನಿಯನ್ನು ಸೋಲಿಸಿದ ಆಕ್ಟೇವಿಯನ್‌ಗೆ. ಆಂಟನಿ ಸತ್ತದ್ದು ಕ್ರಿ.ಪೂ. 30ರಲ್ಲಿ. ಇಲ್ಲಿರುವುದು 'ಔಗುರ್', ಅಂದರೆ ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುವ ಪುರೋಹಿತ. ಆ ಪದವಿ ಆಂಟನಿಗಿತ್ತು. ಇದಕ್ಕೆ ಗಟ್ಟಿ ಸಾಕ್ಷಿ ಬೇಕೇ? ಸುಮಾರು ಇನ್ನೂರು ವರ್ಷ ಆದಮೇಲೆ ರೋಮನ್ ಚಕ್ರವರ್ತಿಗಳಾದ ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೇರಸ್ ಇದೇ ನಾಣ್ಯವನ್ನು ಮತ್ತೆ ಹೊಡೆಸಿದರು. ಅದರಲ್ಲಿ 'ಔಗುರ್' ಅನ್ನುವ ಪದವನ್ನು ಪೂರ್ತಿ ಬರೆಸಿದ್ದಾರೆ.

ಹಡಗಿನ ಕೆಳಗೆ ಮೂರು ಗೀಟು, ಆಮೇಲೆ 'ವಿ ಐ ಆರ್', ಆಮೇಲೆ 'ಆರ್ ಪಿ ಸಿ'. ಇದನ್ನು 'ತ್ರಿಉಮ್ವಿರ್' ಅಂತ ಓದಬೇಕು: ಗಣರಾಜ್ಯವನ್ನು ಮತ್ತೆ ಸರಿಪಡಿಸಲು ನೇಮಕವಾದ ಮೂವರಲ್ಲಿ ಒಬ್ಬ. ಉಳಿದಿಬ್ಬರು ಆಕ್ಟೇವಿಯನ್ ಮತ್ತು ಲೆಪಿಡಸ್. ಈ ನಾಣ್ಯ ಹೊಡೆಯುವ ಹೊತ್ತಿಗೆ ಲೆಪಿಡಸ್ ಬದಿಗೆ ಸರಿದಿದ್ದ, ಆಕ್ಟೇವಿಯನ್ ಶತ್ರುವಾಗಿದ್ದ. ಪದವಿಯ ಹೆಸರು ಮಾತ್ರ ಬೆಳ್ಳಿಯ ಮೇಲೆ ಉಳಿದಿತ್ತು.

ಹಡಗನ್ನೇ ಯಾಕೆ ಆರಿಸಿದ? ಆಂಟನಿಯ ಬಲ ಆಗ ನೌಕಾಪಡೆಯಲ್ಲೂ ಇತ್ತು. ಗ್ರೀಕ್ ಲೇಖಕ ಪ್ಲೂಟಾರ್ಕ್ ಅವನ ಬಳಿ 500 ಯುದ್ಧನೌಕೆ ಇದ್ದವು ಅನ್ನುತ್ತಾನೆ. ಅವನು ಸೋತದ್ದೂ ಸಮುದ್ರದಲ್ಲೇ. ಕ್ರಿ.ಪೂ. 31ರ ಸೆಪ್ಟೆಂಬರ್ 2ರಂದು ಆಕ್ಟಿಯಮ್ ಬಳಿ.

ಹೆಜ್ಜೆ 3: ಹದ್ದಿನ ಬದಿ

ಈಗ ತಿರುಗಿಸಿ. ಮಧ್ಯದ ಕೋಲಿನ ಮೇಲೆ ರೆಕ್ಕೆ ಎತ್ತಿದ ಹದ್ದು. ಇದು ಲೀಜನ್‌ನ ಪ್ರಾಣ. ರೋಮನ್ ಲೇಖಕ ಪ್ಲಿನಿ ಹೇಳುವ ಪ್ರಕಾರ ಮೊದಲು ತೋಳ, ಕುದುರೆ, ಕಾಡುಹಂದಿ ಮುಂತಾದ ಲಾಂಛನಗಳೂ ಇದ್ದವು. ಕ್ರಿ.ಪೂ. 104ರಲ್ಲಿ ದಂಡನಾಯಕ ಮಾರಿಯಸ್ ಹದ್ದೊಂದನ್ನೇ ಉಳಿಸಿದ. ಹದ್ದು ಶತ್ರುವಿನ ಕೈಗೆ ಹೋದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಕ್ರಿ.ಪೂ. 55ರಲ್ಲಿ ಸೀಸರ್‌ನ ಸೈನಿಕರು ಬ್ರಿಟನ್ ತೀರದಲ್ಲಿ ನೀರಿಗಿಳಿಯಲು ಹಿಂಜರಿದಾಗ, ಹತ್ತನೇ ಲೀಜನ್‌ನ ಹದ್ದು ಹೊರುವವನು ತಾನೇ ಮೊದಲು ಹಾರಿದ. ಹದ್ದನ್ನು ಒಂಟಿಯಾಗಿ ಬಿಡಲಾರದೆ ಉಳಿದವರೂ ಹಿಂದೆಯೇ ಹಾರಿದರು. ಈ ಕತೆಯನ್ನು ಸೀಸರ್ ತಾನೇ ಬರೆದಿದ್ದಾನೆ.

ಪಕ್ಕದ ಎರಡು ಲಾಂಛನಕೋಲುಗಳನ್ನು ಧ್ವಜ ಅಂದುಕೊಳ್ಳಬೇಡಿ. ಬಟ್ಟೆ ಇಲ್ಲ. ಕೋಲಿಗೆ ಒಂದರ ಕೆಳಗೊಂದು ಬಿಲ್ಲೆ ಜೋಡಿಸಿದೆ. ಭೂತಗನ್ನಡಿಯಲ್ಲಿ ಅವು ದಪ್ಪ ಚುಕ್ಕೆಗಳಂತೆ ಕಾಣುತ್ತವೆ. ಕೋಲಿನ ನೆತ್ತಿಯಲ್ಲಿ ಈಟಿಯ ಮೊನೆ. ಇವು ಲೀಜನ್ ಒಳಗಿನ ಚಿಕ್ಕ ತುಕಡಿಗಳವು. ಧೂಳು, ಕೂಗಾಟದ ನಡುವೆ ಸೈನಿಕ ತನ್ನ ಜಾಗ ಕಂಡುಕೊಳ್ಳುತ್ತಿದ್ದದ್ದು ಇವನ್ನು ನೋಡಿ.

ಕ್ರಿ.ಪೂ. 82ರಲ್ಲಿ ಮಸ್ಸಾಲಿಯಾ, ಅಂದರೆ ಇವತ್ತಿನ ಮಾರ್ಸೇಲ್‌ನಲ್ಲಿ, ವಲೇರಿಯಸ್ ಫ್ಲಾಕಸ್ ಹೊಡೆಸಿದ ದೆನಾರಿಯಸ್‌ನಲ್ಲೂ ಇದೇ ಮೂರು ಕೋಲುಗಳಿವೆ. ಅಲ್ಲಿ ಪಕ್ಕದ ಕೋಲುಗಳ ಮೇಲೆ 'ಎಚ್' ಮತ್ತು 'ಪಿ' ಅಕ್ಷರಗಳಿವೆ. 'ಹಸ್ತಾತಿ' ಮತ್ತು 'ಪ್ರಿಂಕಿಪೆಸ್' ಅನ್ನುವ ಎರಡು ಸಾಲಿನ ಸೈನಿಕರ ಗುರುತು. ಆಂಟನಿ ಹೊಸ ಚಿತ್ರ ಹುಟ್ಟಿಸಲಿಲ್ಲ. ಹಳೆಯ ಚಿತ್ರಕ್ಕೆ ದಳದ ಸಂಖ್ಯೆ ಸೇರಿಸಿದ. ಅಷ್ಟರಿಂದಲೇ ನಾಣ್ಯ ಸೈನಿಕನಿಗೆ ಹತ್ತಿರವಾಯಿತು.

ಹೆಜ್ಜೆ 4: ಸಂಖ್ಯೆ ಓದುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು, ಆಸಕ್ತಿಯ ಭಾಗವೂ ಇದೇ. ಇಲ್ಲಿ ಆತುರ ಬೇಡ.

ಕೆಳಭಾಗದಲ್ಲಿ, ಹದ್ದಿನ ಕೋಲಿನ ಎಡಕ್ಕೆ 'ಎಲ್ ಇ ಜಿ' ಅಂತ ಇರುತ್ತದೆ. ಕೋಲಿನ ಬಲಕ್ಕೆ ಸಂಖ್ಯೆ. ರೋಮನ್ ಅಂಕಿಗಳು ನಮಗೆ ಗಡಿಯಾರದಿಂದ ಗೊತ್ತು: ನಿಂತ ಗೀಟು 'ಐ' ಅಂದರೆ 1, ಮೇಲೆ ತೆರೆದ ಕವಣೆಯಂಥ 'ವಿ' ಅಂದರೆ 5, ಕತ್ತರಿಯಂಥ 'ಎಕ್ಸ್' ಅಂದರೆ 10. ಗುರುತು ಮೂರೇ. ಆದರೂ ನಾಲ್ಕು ಕಡೆ ಎಡವುತ್ತೇವೆ.

ಮೊದಲನೆಯದು, ಒಂದೇ ಸಂಖ್ಯೆಗೆ ಎರಡು ಬರಹ. ನಾಲ್ಕನ್ನು 'ಐ ವಿ' ಅಂತಲೂ, ನಾಲ್ಕು ಗೀಟು ಎಳೆದೂ ಬರೆಯುತ್ತಿದ್ದರು. ಒಂಬತ್ತನ್ನು 'ಐ ಎಕ್ಸ್' ಅಂತಲೂ 'ವಿ' ಪಕ್ಕ ನಾಲ್ಕು ಗೀಟು ಹಾಕಿಯೂ ಬರೆದರು. ಹದಿನೆಂಟಕ್ಕೆ 'ಎಕ್ಸ್ ವಿ ಐ ಐ ಐ' ಇದೆ, 'ಎಕ್ಸ್ ಐ ಐ ಎಕ್ಸ್' ಕೂಡ ಇದೆ, ಅಂದರೆ ಇಪ್ಪತ್ತಕ್ಕೆ ಎರಡು ಕಡಿಮೆ. ಅಚ್ಚು ಕೆತ್ತಿದ ಕೈಗಳು ಹಲವು. ಪ್ರತಿಯೊಬ್ಬರಿಗೂ ಅವರವರ ರೂಢಿ.

ಎರಡನೆಯದು, ಕೋಲನ್ನೇ ಗೀಟು ಅಂದುಕೊಳ್ಳುವುದು. ಸವೆದ ನಾಣ್ಯದಲ್ಲಿ ಬಲಗಡೆಯ ಲಾಂಛನಕೋಲಿನ ಬುಡ ಥೇಟ್ 'ಐ' ತರಹ ಕಾಣುತ್ತದೆ. ಅನುಮಾನ ಬಂದರೆ ಆ ಗೀಟನ್ನು ಮೇಲಕ್ಕೆ ಹಿಂಬಾಲಿಸಿ. ಮೇಲೆ ಬಿಲ್ಲೆಗಳಿಗೆ ಸೇರಿದರೆ ಅದು ಕೋಲು. ಅಕ್ಷರದ ಎತ್ತರಕ್ಕೆ ನಿಂತರೆ ಅಂಕಿ.

ಮೂರನೆಯದು ಸವೆತ. 'ಎಕ್ಸ್'ನ ಒಂದು ಗೀಟು ಅಳಿಸಿದರೆ 'ವಿ' ಹಾಗೆ ಕಾಣಬಹುದು. ಗೀಟುಗಳು ಎಲ್ಲಿ ಕೂಡುತ್ತವೆ ನೋಡಿ. 'ವಿ'ಯಲ್ಲಿ ಬುಡದಲ್ಲಿ ಕೂಡುತ್ತವೆ, 'ಎಕ್ಸ್'ನಲ್ಲಿ ನಡುವೆ ದಾಟುತ್ತವೆ. ಟಾರ್ಚನ್ನು ನಾಲ್ಕೂ ದಿಕ್ಕಿನಿಂದ ಹಿಡಿದು ನಾಲ್ಕು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೀಟು ಇನ್ನೊಂದರಲ್ಲಿ ಕಾಣುತ್ತದೆ.

ನಾಲ್ಕನೆಯದು ಕತ್ತರಿಸಿದ ಅಂಚು. ಇದರಲ್ಲಿ ನಾನೇ ಎಡವಿದ್ದೇನೆ. ನಾನು ಕೊಂಡ ಮೊದಲ ನಾಣ್ಯದ ಲಕೋಟೆಯ ಮೇಲೆ 'ಲೀಜನ್ 16' ಅಂತ ಬರೆದಿತ್ತು. ನೋಡಿದರೆ 'ಎಕ್ಸ್ ವಿ ಐ' ಸ್ಪಷ್ಟವಾಗಿದೆ. ವರ್ಷಗಟ್ಟಲೆ ಅದನ್ನು 16 ಅಂತಲೇ ಎಲ್ಲರಿಗೂ ತೋರಿಸಿದೆ. ಒಂದು ಭಾನುವಾರ ಸುಮ್ನೆ ಕಿಟಕಿ ಪಕ್ಕ ಕೂತು ನೋಡುವಾಗ ಹೊಳೆಯಿತು. ಆ ಕೊನೆಯ ಗೀಟು ನಾಣ್ಯದ ಅಂಚಿಗೆ ತಾಗಿಕೊಂಡಿದೆ. ಬಲಗಡೆಯ ಲಾಂಛನಕೋಲು ಬುಡದಲ್ಲಿ ಪೂರ್ತಿ ಹೊರಗೆ ಹೋಗಿದೆ. ಅಂದರೆ ಅಂಕಿ ಅಲ್ಲಿಗೆ ಮುಗಿಯಿತು ಅನ್ನಲು ಆಧಾರವೇ ಇಲ್ಲ. ಅದು 16 ಇರಬಹುದು, 17 ಇರಬಹುದು, 18 ಕೂಡ ಇರಬಹುದು.

ಅವತ್ತಿನಿಂದ ನಾನು ಪಾಲಿಸುವ ಕ್ರಮ ಇದು. ಕೊನೆಯ ಗೀಟಿಗೂ ಬಲಗಡೆಯ ಕೋಲಿಗೂ ನಡುವೆ ಖಾಲಿ ಜಾಗ ಕಂಡರೆ ಮಾತ್ರ ಸಂಖ್ಯೆ ಪೂರ್ತಿಯಾಗಿದೆ ಅಂತ ಬರೆಯುತ್ತೇನೆ. ಖಾಲಿ ಜಾಗ ಕಾಣದಿದ್ದರೆ "ಕನಿಷ್ಠ ಇಷ್ಟು" ಅಂತ ಬರೆಯುತ್ತೇನೆ.

ಸಂಖ್ಯೆಗಳ ವ್ಯಾಪ್ತಿಯೂ ತಿಳಿದಿರಲಿ. ಸಾಮಾನ್ಯವಾಗಿ ಸಿಗುವುದು 2ರಿಂದ 23ರವರೆಗೆ. ಕ್ರಾಫರ್ಡ್ ಪಟ್ಟಿಯಲ್ಲಿ ಎರಡನೇ ಲೀಜನ್ 544/14, ಇಪ್ಪತ್ಮೂರನೆಯದು 544/39. 'ಲೀಜನ್ 1' ಅಂತ ಯಾರಾದರೂ ತೋರಿಸಿದರೆ ತುಂಬ ಎಚ್ಚರಿಕೆಯಿಂದ ನೋಡಿ. ಅಂಥ ಹೆಚ್ಚಿನ ನಾಣ್ಯಗಳಲ್ಲಿ ಉಳಿದ ಗೀಟುಗಳು ಸವೆದಿರುತ್ತವೆ, ಇಲ್ಲವೇ ಯಾರೋ ಕೆರೆದಿರುತ್ತಾರೆ. 24ರಿಂದ ಮೇಲಿನ ಸಂಖ್ಯೆ ಕಂಡರೂ ಹಾಗೆಯೇ ಅನುಮಾನ ಪಡಿ.

ಕೆಲವು ದಳಗಳಿಗೆ ಸಂಖ್ಯೆಯ ಜೊತೆ ಹೆಸರೂ ಇದೆ: 12ನೆಯದು 'ಆಂತಿಕ್ವಾ' (ಹಳೆಯದು), 17ನೆಯದು 'ಕ್ಲಾಸಿಕಾ' (ನೌಕಾಪಡೆಯದು), 18ನೆಯದು 'ಲಿಬಿಕಾ' (ಲಿಬಿಯಾದ್ದು). ಇನ್ನೆರಡು ನಾಣ್ಯಗಳಲ್ಲಿ ಲೀಜನ್ನೇ ಇಲ್ಲ. ಒಂದು ದಂಡನಾಯಕನ ಅಂಗರಕ್ಷಕ ಪಡೆಯದ್ದು. ಇನ್ನೊಂದು 'ಸ್ಪೆಕ್ಯುಲಾತೋರ್'ಗಳದ್ದು, ಅಂದರೆ ಬೇಹು ಮತ್ತು ಸುದ್ದಿ ಸಾಗಿಸುವ ಪಡೆಯದ್ದು. ಇದರಲ್ಲಿ ಹದ್ದು ಇರುವುದಿಲ್ಲ. ಮಾಲೆ ಹಾಕಿದ ಮೂರು ಲಾಂಛನಕೋಲುಗಳಿರುತ್ತವೆ, ಅವುಗಳಲ್ಲಿ ಪುಟ್ಟ ಹಡಗಿನ ಮೂತಿಯೂ ಇರುತ್ತದೆ. ಹದ್ದೇ ಕಾಣದಿದ್ದರೆ ಗಾಬರಿಯಾಗಬೇಡಿ, ಖುಷಿಪಡಿ. ಇದು ಅಪರೂಪ.

ಮಾರುವವರು ಪದೇಪದೇ ಹೇಳುವ ಒಂದು ಮಾತಿಗೆ ಮರುಳಾಗಬೇಡಿ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮನ್ ದಂಡನಾಯಕ ವಾರಸ್‌ನ ಜೊತೆ 17, 18, 19ನೇ ಲೀಜನ್‌ಗಳು ನಾಶವಾದವು. ಅದೇ ದಳದ ನಾಣ್ಯ ಇದು ಅಂತ ಬೆಲೆ ಏರಿಸುತ್ತಾರೆ. ಆ ಮೂರು ದಳ ಆಕ್ಟೇವಿಯನ್ ಕಡೆಯವು. ಆಂಟನಿಗೂ ಆಕ್ಟೇವಿಯನ್‌ಗೂ ಒಂದೇ ಸಂಖ್ಯೆಯ ಬೇರೆಬೇರೆ ದಳಗಳಿದ್ದವು. ಸಂಖ್ಯೆ ಒಂದೇ, ಜನ ಬೇರೆ.

ಹೆಜ್ಜೆ 5: ಸವೆತವನ್ನೂ ಓದಿ

ಈ ನಾಣ್ಯಗಳು ಬಹುಪಾಲು ತುಂಬ ಸವೆದು ಸಿಗುತ್ತವೆ. ಕಾರಣ ಬೆಳ್ಳಿಯಲ್ಲೇ ಇದೆ. ಆಂಟನಿ ಮಾಮೂಲಿ ದೆನಾರಿಯಸ್‌ಗಿಂತ ಇದರಲ್ಲಿ ತಾಮ್ರ ಜಾಸ್ತಿ ಸೇರಿಸಿದ. ಅವನು ಕಬ್ಬಿಣ ಬೆರೆಸಿದ ಅಂತ ಪ್ಲಿನಿ ಬರೆದಿದ್ದಾನೆ. ಲೋಹ ಯಾವುದೆಂದು ಪ್ಲಿನಿ ತಪ್ಪಿದ್ದಾನೆ, ಬೆರಕೆ ಅನ್ನುವುದು ನಿಜ. ಕೈಯಲ್ಲಿ ಎರಡು ನಾಣ್ಯ ಇದ್ದರೆ ಯಾರಾದರೂ ಏನು ಮಾಡುತ್ತಾರೆ? ಒಳ್ಳೆಯದನ್ನು ಕೂಡಿಟ್ಟು ಬೆರಕೆಯದನ್ನು ಅಂಗಡಿಗೆ ಕೊಡುತ್ತಾರೆ, ಅಲ್ವಾ? ಹಾಗೆ ಇದು ಕೈಯಿಂದ ಕೈಗೆ ಓಡಾಡುತ್ತಲೇ ಇತ್ತು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದೆನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಕ್ರಿ.ಶ. 107ರ ಸುಮಾರಿಗೆ ಚಕ್ರವರ್ತಿ ಟ್ರಾಜನ್ ಹಳೆಯ ಸವೆದ ನಾಣ್ಯಗಳನ್ನು ಕರಗಿಸಿದ. ಒಳ್ಳೆ ಬೆಳ್ಳಿಯ ಹಳೆಯ ನಾಣ್ಯಗಳು ಮಾಯವಾದವು. ಆಂಟನಿಯ ನಾಣ್ಯಗಳು ಮಾತ್ರ ಮೂರನೇ ಶತಮಾನದ ನಿಧಿಗಳಲ್ಲೂ ಸಿಗುತ್ತವೆ. ಸೋತವನ ನಾಣ್ಯ ಗೆದ್ದವನ ಸಾಮ್ರಾಜ್ಯದಲ್ಲಿ ಇನ್ನೂರು ವರ್ಷ ನಡೆಯಿತು. ಆಂಟನಿ ಎಂದೂ ಕಾಲಿಡದ ಬ್ರಿಟನ್ನಿನಲ್ಲೂ ಇವು ಸಿಕ್ಕಿವೆ.

ಈಗ ಮೇಲ್ಮೈಯಲ್ಲಿ ಚಿಕ್ಕ ಚಿಕ್ಕ ಗುದ್ದು ಹುಡುಕಿ. ಅರ್ಧಚಂದ್ರ, ಚುಕ್ಕೆ, ಒಂಟಿ ಅಕ್ಷರ. ಇವು ಚಿನಿವಾರರು ಬೆಳ್ಳಿ ಪರೀಕ್ಷಿಸಿ ಒತ್ತಿದ ಮುದ್ರೆಗಳು. ಕೆಲವು ನಾಣ್ಯಗಳಲ್ಲಿ ಪುಟ್ಟ ಚೌಕದೊಳಗೆ 'ಐ ಎಂ ಪಿ' ಮತ್ತು ಒಂದಕ್ಕೊಂದು ಅಂಟಿಕೊಂಡ 'ವಿ ಇ ಎಸ್' ಅಕ್ಷರಗಳಿರುತ್ತವೆ. ಅದು ಚಕ್ರವರ್ತಿ ವೆಸ್ಪಾಸಿಯನ್‌ನ ಮುದ್ರೆ. ಅವನು ಆಳಿದ್ದು ಕ್ರಿ.ಶ. 69ರಿಂದ 79. ಆಂಟನಿ ಸತ್ತು ನೂರು ವರ್ಷ ಆದಮೇಲೂ ಈ ನಾಣ್ಯ ಚಲಾವಣೆಯಲ್ಲಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮುದ್ರೆ ಬಿದ್ದ ನಾಣ್ಯವನ್ನು 'ಹಾಳಾದದ್ದು' ಅಂತ ಬಿಟ್ಟುಬಿಡುವವರಿದ್ದಾರೆ. ನಾನಾದರೆ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತೇನೆ.

ಹೆಜ್ಜೆ 6: ಅಸಲಿಯೋ ಖೋಟಾವೋ?

ಖೋಟಾದಲ್ಲಿ ಎರಡು ಬಗೆ. ಒಂದು ಆ ಕಾಲದ್ದೇ. ಒಳಗೆ ತಾಮ್ರದ ಬಿಲ್ಲೆ, ಮೇಲೆ ತೆಳ್ಳನೆ ಬೆಳ್ಳಿ ತಗಡು. ಅಂಚಿನಲ್ಲಿ ಅಥವಾ ಹದ್ದಿನ ಎದೆಯಂಥ ಎತ್ತರದ ಜಾಗದಲ್ಲಿ ತಗಡು ಸವೆದು ಕೆಂಪು ಅಥವಾ ಹಸಿರು ಇಣುಕುತ್ತದೆ. ಮೇಲ್ಮೈ ಗುಳ್ಳೆ ಎದ್ದಂತಿರುತ್ತದೆ. ಇದೂ ಎರಡು ಸಾವಿರ ವರ್ಷ ಹಳೆಯದೇ, ಇಟ್ಟುಕೊಳ್ಳಲು ಯೋಗ್ಯವೇ. ಅಸಲಿ ಬೆಲೆ ಕೊಡಬೇಡಿ ಅಷ್ಟೆ.

ಇನ್ನೊಂದು ನಮ್ಮ ಕಾಲದ ಎರಕ. ಅಂಚನ್ನು ಸುತ್ತಲೂ ನೋಡಿ. ಎರಡು ಅರ್ಧ ಸೇರಿದ ಗೆರೆ ಇದ್ದರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿದ್ದರೆ ಬಿಡಿ. ಅಕ್ಷರಗಳ ಅಂಚು ಕರಗಿದ ಸೋಪಿನಂತೆ ಮೆತ್ತಗಿದ್ದರೆ, ಸಮತಟ್ಟು ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು ತುಂಬಿದ್ದರೆ ಎರಕ ಅನ್ನಬಹುದು. ಒಂದೇ ಕಡೆ ಸೀಳಿದ, ಒಂದೇ ರೀತಿ ಸವೆದ ಎರಡು ನಾಣ್ಯ ಕಂಡರೆ ಎರಡನ್ನೂ ನಂಬಬೇಡಿ. ಕೈಯಲ್ಲಿ ಹೊಡೆದ ನಾಣ್ಯಗಳಲ್ಲಿ ಹಾಗಾಗಲು ಸಾಧ್ಯವಿಲ್ಲ.

ಸಾಂದ್ರತೆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 3.50 ಗ್ರಾಂ ನಾಣ್ಯ 0.34 ತೋರಿಸಿದರೆ ಉತ್ತರ ಸುಮಾರು 10.3. ಶುದ್ಧ ಬೆಳ್ಳಿ 10.5, ತಾಮ್ರ 8.96, ಹಾಗಾಗಿ 10.3 ಸರಿಯಾದ ಉತ್ತರ. ಅದೇ 0.38 ತೋರಿಸಿದರೆ 9.2, ಒಳಗೆ ತಾಮ್ರ. ಇಷ್ಟು ಚಿಕ್ಕ ಅಂಕಿಯಲ್ಲಿ 0.01 ವ್ಯತ್ಯಾಸವೂ ಉತ್ತರವನ್ನು ಅಲ್ಲಾಡಿಸುತ್ತದೆ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಒರೆಗಲ್ಲಿಗೆ ಉಜ್ಜುವುದು, ಕಲ್ಲಿನ ಮೇಲೆ ಹಾಕಿ ಠಣ್ ಅನ್ನಿಸುವುದು ಬೇಡ. ಹಳೆಯ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಬಿದ್ದರೆ ಮುರಿಯಬಹುದು.

ಹೆಜ್ಜೆ 7: ಹೋಲುವ ನಾಣ್ಯಗಳು

ಹದ್ದು, ಎರಡು ಕೋಲು, ಲೀಜನ್ ಸಂಖ್ಯೆ ಇದ್ದು ಇನ್ನೊಂದು ಬದಿಯಲ್ಲಿ ಗಡ್ಡದ ತಲೆ ಇದ್ದರೆ ಅದು ಸೆಪ್ಟಿಮಿಯಸ್ ಸೆವೆರಸ್‌ನದ್ದು. ಕ್ರಿ.ಶ. 193ರ ಏಪ್ರಿಲ್‌ನಲ್ಲಿ ಡ್ಯಾನ್ಯೂಬ್ ದಡದ ಕಾರ್ನುಂಟಮ್‌ನಲ್ಲಿ ಸೈನಿಕರು ಅವನನ್ನು ಚಕ್ರವರ್ತಿ ಅಂತ ಕೂಗಿದರು. ತನ್ನ ಬೆನ್ನಿಗೆ ನಿಂತ 15 ಲೀಜನ್‌ಗಳ ಹೆಸರಲ್ಲಿ ಅವನು ನಾಣ್ಯ ಹೊಡೆಸಿದ. ಅವುಗಳಲ್ಲಿ ಹೆಚ್ಚು ಸಿಗುವುದು 14ನೇ ಜೆಮಿನಾ ದಳದ್ದು, ಕಾರ್ನುಂಟಮ್‌ನಲ್ಲೇ ಇದ್ದ ದಳ. ಆಂಟನಿಯ ಚಿತ್ರವನ್ನೇ ಎತ್ತಿಕೊಂಡಿದ್ದಾನೆ, ತಲೆ ಮಾತ್ರ ಮರೆಯದೆ ಹಾಕಿಸಿದ್ದಾನೆ.

ನಮ್ಮ ನೆಲದಲ್ಲಿ ಸಿಗುವ ರೋಮನ್ ಬೆಳ್ಳಿ ಬೇರೆ ಬಗೆಯದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ದೆನಾರಿಯಸ್ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ರೋಮನ್ ನಾಣ್ಯ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ಸಿಗುವ ದೆನಾರಿಯಸ್‌ಗಳಲ್ಲಿ ಹೆಚ್ಚಿನವು ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಆಗಸ್ಟಸ್‌ನ ನಾಣ್ಯದಲ್ಲಿ ಅವನ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್ ಗುರಾಣಿ, ಈಟಿ ಹಿಡಿದು ನಿಂತಿದ್ದಾರೆ. ಅದೂ ಸೇನೆಯ ಚಿತ್ರವೇ. ಆಂಟನಿಯ ಹದ್ದು ಮಾತ್ರ ಇಲ್ಲಿ ಅಪರೂಪ. ಮೆಣಸು ಕೊಟ್ಟು ಬೆಳ್ಳಿ ಪಡೆಯುತ್ತಿದ್ದ ನಮ್ಮವರು ಬೆಳ್ಳಿಯ ಗುಣ ನೋಡಿಯೇ ತೆಗೆದುಕೊಳ್ಳುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಸಿಕ್ಕ ಎಷ್ಟೋ ರೋಮನ್ ನಾಣ್ಯಗಳ ಮೇಲೆ ಗೀರಿ, ಕೊರೆದು ಪರೀಕ್ಷಿಸಿದ ಗುರುತೂ ಇದೆ.

ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಇಂಥದ್ದು ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅಕ್ಕಸಾಲಿಗರಿಗೆ ಮಾರಬೇಡಿ. ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು. ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆ ಚೂರು ಎಲ್ಲವೂ ಮುಖ್ಯ. ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ಅನುಮತಿ ಇಲ್ಲದೆ ದೇಶದಿಂದ ಹೊರಗೆ ಕಳಿಸುವುದು 1972ರ ಪುರಾತನ ವಸ್ತು ಕಾಯ್ದೆಯಡಿ ಅಪರಾಧ.

ಹೆಜ್ಜೆ 8: ಬರೆದಿಡುವುದು

ಓದಿದ್ದನ್ನು ಅವತ್ತೇ ಬರೆಯಿರಿ. ಕಂಡದ್ದನ್ನು ಮಾತ್ರ ಬರೆಯಿರಿ, ಊಹೆಯನ್ನು ಬೇರೆ ಸಾಲಿನಲ್ಲಿ. ನನ್ನ ಆ ಮೊದಲ ನಾಣ್ಯದ ಹಳೆಯ ಚೀಟಿ ತೆಗೆದು ಈಗ ಹೀಗೆ ಬರೆದಿಟ್ಟಿದ್ದೇನೆ:

ದೆನಾರಿಯಸ್. ಮಾರ್ಕ್ ಆಂಟನಿ, ಕ್ರಿ.ಪೂ. 32-31. ತೂಕ 3.42 ಗ್ರಾಂ, ಅಡ್ಡಳತೆ 17 ಮಿ.ಮೀ.
ಮುಂಬದಿ: ಬಲಕ್ಕೆ ಸಾಗುವ ಹಡಗು. ಮೇಲೆ 'ಎ ಎನ್ ಟಿ' ಇದೆ, 'ಎ ವಿ ಜಿ' ಸವೆದಿದೆ. ಕೆಳಗೆ 'ಆರ್ ಪಿ ಸಿ' ಅರ್ಧ.
ಹಿಂಬದಿ: ಎರಡು ಲಾಂಛನಕೋಲುಗಳ ನಡುವೆ ಹದ್ದು. 'ಎಲ್ ಇ ಜಿ', 'ಎಕ್ಸ್ ವಿ ಐ', ಮುಂದೆ ಅಂಚು ಕತ್ತರಿಸಿದೆ.
ಮುದ್ರೆ: ಹಡಗಿನ ಮೇಲ್ಗಡೆ ಒಂದು ಅರ್ಧಚಂದ್ರ, ಚಿನಿವಾರರದ್ದು.
ಕ್ರಾಫರ್ಡ್ 544. ಉಪಸಂಖ್ಯೆ ಖಾಲಿ.
ಊಹೆ: 16, 17 ಅಥವಾ 18ನೇ ಲೀಜನ್.